ಬರ್ಜಿಲ್ಲೈಯ ಬಿನ್ನಹ

ಓದತಕ್ಕ ವಾಕ್ಯಭಾಗಗಳು: 2 ಸಮುವೇಲ 19ನೆಯ ಅಧ್ಯಾಯ, 31ರಿಂದ 39, ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯ, 1ರಿಂದ 7.



ಅರಸರ ಮತ್ತು ಪ್ರವಾದಿಗಳ ದೊಡ್ಡ ಚರಿತ್ರೆಗಳ ನಡುವೆ ಒಬ್ಬ ಮುದುಕನ ಸಣ್ಣ ಬಿನ್ನಹವೊಂದು ಪರಿಶುದ್ಧ ಗ್ರಂಥದಲ್ಲಿ ಅಡಗಿಕೊಂಡಿದೆ. ನಾವು ಅದನ್ನು ಅವಸರದಿಂದ ಓದಿ ಮುಂದಕ್ಕೆ ಹೋಗುವದುಂಟು. ನಾನೂ ಬಹು ವರುಷ ಹಾಗೆಯೇ ಮಾಡಿದೆನು. ಅದರ ಅರ್ಥವನ್ನು ನನಗೆ ತಿಳಿಸಿಕೊಟ್ಟವಳು ಕಾರ್ಕಳದ ಕಡೆಯ ಒಂದು ಹಂಚಿನ ಮನೆಯಲ್ಲಿ ಬಾಳಿದ ನನ್ನ ತಾಯಿ. ಆ ಸಂಗತಿಯನ್ನು ಮುಂದೆ ಹೇಳುವೆನು. ಮೊದಲು ವಾಕ್ಯಭಾಗವನ್ನು ನೋಡೋಣ.

ದಾವೀದನು ತನ್ನ ಮಗನಾದ ಅಬ್ಷಾಲೋಮನ ದೆಸೆಯಿಂದ ರಾಜಧಾನಿಯನ್ನು ಬಿಟ್ಟು ಯೊರ್ದನಿನ ಆಚೆಗೆ ಓಡಿಹೋದಾಗ ಅವನ ಜನರು ಹಸಿದು ಬಾಯಾರಿ ಬಳಲಿದ್ದರು. ಆಗ ಗಿಲ್ಯಾದ್ ಸೀಮೆಯ ಬರ್ಜಿಲ್ಲೈ ಎಂಬ ಮುದುಕನು ಮತ್ತಿಬ್ಬರ ಸಂಗಡ ಬಂದು ಹಾಸಿಗೆಗಳನ್ನೂ ಪಾತ್ರೆಗಳನ್ನೂ ಧಾನ್ಯವನ್ನೂ ಜೇನನ್ನೂ ಕೊಟ್ಟು ಅವರನ್ನು ಸಂತೈಸಿದನು. ಯುದ್ಧ ತೀರಿ ಅರಸನು ಹಿಂದಿರುಗುವಾಗ ಆ ಉಪಕಾರವನ್ನು ಮರೆಯಲಿಲ್ಲ. ನನ್ನ ಸಂಗಡ ಯೆರೂಸಲೇಮಿಗೆ ಬಾ, ನಿನ್ನನ್ನು ಸಾಕುವ ಭಾರ ನನ್ನದು ಎಂದು ಕರೆದನು. ಬರ್ಜಿಲ್ಲೈಗೆ ಆಗ 80 ವರುಷ. ಅವನು ಕೊಟ್ಟ ಉತ್ತರದ ಸಾರಾಂಶವೇನಂದರೆ: ನನ್ನ ನಾಲಿಗೆಗೆ ರುಚಿ ಹೋಯಿತು, ಹಾಡುವವರ ಸ್ವರವು ಕಿವಿಗೆ ಕೇಳಿಸದು, ನಾನು ಅರಸನಿಗೆ ಹೊರೆಯಾಗುವದು ಯಾಕೆ? ಹೊಳೆಯನ್ನು ದಾಟಿಸಿ ನಿನ್ನನ್ನು ಕಳುಹಿಸಿಕೊಡುವೆನು, ಆ ಮೇಲೆ ನನ್ನ ಊರಿಗೆ ಹೋಗಗೊಡಿಸು. ನನ್ನ ತಂದೆತಾಯಿಗಳ ಸಮಾಧಿ ಅಲ್ಲಿದೆ, ನಾನೂ ಅಲ್ಲಿಯೇ ಸಾಯುವೆನು. ಹೀಗೆ ಹೇಳಿ ತನಗೆ ಬದಲಾಗಿ ಕಿಮ್ಹಾಮನನ್ನು ಅರಸನ ಸಂಗಡ ಕಳುಹಿಸಿದನು. ಇವನು ಬರ್ಜಿಲ್ಲೈಯ ಮಗನೆಂದು ಅನೇಕರು ತಿಳಿಯುತ್ತಾರೆ.

ಪ್ರಿಯರೇ, ಇಲ್ಲಿ ಮೂರು ಮಾತುಗಳನ್ನು ಗಮನಿಸಿರಿ. ಮೊದಲನೆಯದು, ಅರಸನ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆದಾಗ್ಯೂ ಮುದುಕನಿಗೆ ಬೇಕಾದದ್ದು ಅರಮನೆಯ ಊಟವಾಗಿರಲಿಲ್ಲ. ಎರಡನೆಯದು, ದಾವೀದನು ಬಲವಂತ ಮಾಡಲಿಲ್ಲ. ಕೇಳಿದನು, ಉತ್ತರವನ್ನು ಕಿವಿಗೊಟ್ಟು ಆಲಿಸಿದನು, ಮುದ್ದಿಟ್ಟು ಆಶೀರ್ವದಿಸಿ ಕಳುಹಿಸಿದನು. ಮೂರನೆಯದು, ಬರ್ಜಿಲ್ಲೈ ತನ್ನವನನ್ನು ಪಟ್ಟಣಕ್ಕೆ ಹೋಗಬಾರದೆಂದು ತಡೆಯಲಿಲ್ಲ. ಎಳೆಯವನು ಮುಂದಕ್ಕೆ ಹೋಗಲಿ, ನಾನು ಊರಲ್ಲಿ ಇರುವೆನು ಎಂದನು.

ಈ ಮೂರನೆಯ ಮಾತು ನಮ್ಮ ಸೀಮೆಗೆ ಎಷ್ಟು ಒಪ್ಪುತ್ತದೆಂಬದನ್ನು ನೋಡಿರಿ. ಉಡುಪಿ, ಕಾಪು, ಕಾರ್ಕಳಗಳಲ್ಲಿ ಎಳೆಯವರು ಮುಂಬಯಿಗೂ ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋಗಿ ದುಡಿಯದ ಊರು ಯಾವದು? 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು ಲೆಕ್ಕಕ್ಕೆ ಬಂದರು. ಕರ್ನಾಟಕದ ಬೇರೆ ಯಾವ ಜಿಲ್ಲೆಯಲ್ಲಿಯೂ ಹೆಂಗಸರ ಪ್ರಮಾಣವು ಅಷ್ಟಿರಲಿಲ್ಲ. ಗಂಡಸರು ಹೊಟ್ಟೆಪಾಡಿಗೋಸ್ಕರ ಹೊರಗೆ ಹೋದದ್ದು ಅದಕ್ಕೆ ಒಂದು ಮುಖ್ಯ ಕಾರಣವು. ಅದೇ ಗಣತಿಯಲ್ಲಿ ಹಿಂದೂದೇಶದೊಳಗೆ 60 ವರುಷ ದಾಟಿದವರು 10 ಕೋಟಿ 38 ಲಕ್ಷ ಮಂದಿ. ಈ ದೊಡ್ಡ ಸಂಖ್ಯೆಯನ್ನು ನೀವು ಮರೆತರೂ ಮರೆಯಿರಿ. ನಿಮ್ಮ ನಿಮ್ಮ ಊರಿನಲ್ಲಿ ನಾಲ್ಕು ಕೋಣೆಗಳಿಗೆ ಬೀಗ ಹಾಕಿ, ಜಗಲಿಯ ಪಕ್ಕದ ಒಂದೇ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಕೂತಿರುವ ಅಜ್ಜಿಯರು ಯಾರು ಯಾರೆಂಬದನ್ನು ಮಾತ್ರ ನೆನಸಿಕೊಳ್ಳಿರಿ.

ಈಗ ನನ್ನ ತಪ್ಪನ್ನು ಹೇಳುವೆನು. ತಂದೆಯವರು ತೀರಿಹೋದ ಮೇಲೆ ನನ್ನ ತಾಯಿಯು ಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಆದರೆ ನನಗೆ ಭಯ ಹುಟ್ಟಿತು. ಭಯಕ್ಕಿಂತಲೂ ಹೆಚ್ಚಾಗಿ ನಾಚಿಕೆ ಹುಟ್ಟಿತೆಂದು ಇಂದು ಒಪ್ಪಿಕೊಳ್ಳುತ್ತೇನೆ. ಯಾಕಂದರೆ ಉಪದೇಶಿಯು ಪರರಿಗೆ ಬೋಧಿಸುತ್ತಾನೆ, ಅವನ ತಾಯಿ ಒಂಟಿಯಾಗಿ ಬಿದ್ದಿದ್ದಾಳೆ ಎಂದು ಜನರು ಆಡಿಕೊಂಡಾರೆಂಬ ಯೋಚನೆಯು ನನ್ನನ್ನು ಕಾಡಿತು. ಆಕೆಯನ್ನು ಒಂದು ಮಾತು ಕೇಳದೆ ಮನೆಗೆ ಬೀಗ ಹಾಕಿಸಿ, ದನವನ್ನು ಮಾರಿಸಿ, ಉಡುಪಿಯಲ್ಲಿ ನಾನು ಬಾಡಿಗೆಗಿದ್ದ ಮಾಳಿಗೆಮನೆಗೆ ಕರೆದುಕೊಂಡು ಬಂದೆನು.

ಅಲ್ಲಿ ಆಕೆಗೆ ಯಾವದಕ್ಕೂ ಕೊರತೆಯಿರಲಿಲ್ಲ. ಹೊತ್ತು ಹೊತ್ತಿಗೆ ಗಂಜಿ, ಗುಳಿಗೆ, ಹಾಸಿಗೆ ಎಲ್ಲಾ ಇತ್ತು. ನನ್ನ ಹೆಂಡತಿಯು ಸ್ವಂತ ತಾಯಿಯಂತೆ ನೋಡಿಕೊಂಡಳು. ಆದರೆ ಬಾವಿಯ ನೀರು ಸೇದಿ, ಯಾರ ಮನೆಯ ಹಸು ಕರು ಹಾಕಿತು, ಯಾರ ಮಗಳು ತವರಿಗೆ ಬಂದಳೆಂದು ತಿಳಿದಿದ್ದ ಹೆಂಗಸಿಗೆ ಆ ಮಾಳಿಗೆಯಲ್ಲಿ ಮಾಡುವ ಕೆಲಸವಿಲ್ಲ, ಮಾತಾಡುವ ಜನವಿಲ್ಲ. ಮೆಟ್ಟಲು ಇಳಿಯಲಾರಳು. ನಾಲ್ಕು ತಿಂಗಳಲ್ಲಿ ಮಾತು ಕಡಿಮೆಯಾಯಿತು. ಆರನೆಯ ತಿಂಗಳಲ್ಲಿ ರಾತ್ರಿ ಎದ್ದು ಅಂಗಳದ ಬಾಗಿಲು ಯಾವದೆಂದು ಗೋಡೆಯನ್ನು ತಡವುತ್ತಿದ್ದಳು. ಒಂದು ದಿನ, “ಮಗಾ, ನನ್ನನ್ನು ಮನೆಗೆ ಬಿಟ್ಟುಬಿಡು” ಅಂದಳು. ನಾನು ಒರಟಾಗಿ, “ಅಲ್ಲಿ ನೀನು ಬಿದ್ದರೆ ಎತ್ತುವವರು ಯಾರಮ್ಮಾ?” ಅಂದೆನು. ಆಕೆ ಮೆಲ್ಲಗೆ, “ಇಲ್ಲಿ ನಾನು ಬೀಳದೆಯೇ ಬಿದ್ದಿದ್ದೇನಲ್ಲಾ” ಅಂದಳು.

ಅದೇ ವಾರ ಐದನೆಯ ಆಜ್ಞೆಯ ಮೇಲೆ ಪ್ರಸಂಗ ಮಾಡುವದು ನನ್ನ ಪಾಲಿಗೆ ಬಂದಿತ್ತು. ದೃಷ್ಟಾಂತಕ್ಕಾಗಿ ಪುಟಗಳನ್ನು ತಿರುವುತ್ತಾ ಬರ್ಜಿಲ್ಲೈಯ ಮಾತಿಗೆ ಬಂದು ನಿಂತೆನು. ಅರಸನಾದವನು ಮುದುಕನ ಮನಸ್ಸನ್ನು ಕೇಳಿ ತಿಳಿದನು. ಮಗನಾದ ನಾನು ಕೇಳಲಿಲ್ಲ. ತಂದೆತಾಯಿಗಳನ್ನು ಸನ್ಮಾನಿಸುವದಂದರೆ ಅವರನ್ನು ಒಂದು ಸಾಮಾನಿನಂತೆ ಭದ್ರವಾಗಿ ಎತ್ತಿಡುವದೆಂದು ತಿಳಿದುಕೊಂಡಿದ್ದೆನು.

ಎಂಟು ತಿಂಗಳಾದ ಮೇಲೆ ಆಕೆಯನ್ನು ಮನೆಗೆ ಕರೆದುಕೊಂಡು ಹೋದೆನು. ಆದರೆ ನನ್ನ ಪ್ರಶ್ನೆಯೇನೋ ಸುಳ್ಳಾಗಿರಲಿಲ್ಲ: ಬಿದ್ದರೆ ಎತ್ತುವವರು ಯಾರು? ಅದಕ್ಕೆ ಉತ್ತರವನ್ನು ಕೊಟ್ಟವರು ಊರಿನವರು. ಸಭೆಯ ಇಬ್ಬರು ಹುಡುಗರು ಅಂಗಳದ ಪಾಚಿಯನ್ನು ಕೆರೆದು, ಬಾವಿಯವರೆಗೂ ಅಡಿಕೆಮರದ ಸಲಾಕೆಗಳನ್ನು ಹಾಸಿದರು. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳನ್ನು ಕೂರಿಸಿದರು. ನೆರೆಮನೆಯ ಹೆಂಗಸು ಬೀಡಿ ಕಟ್ಟುವವಳು, ನಮ್ಮ ಮತದವಳಲ್ಲ, ತಾಯಿಯನ್ನು ಅಕ್ಕಾ ಎಂದು ಕರೆಯುತ್ತಿದ್ದವಳು. ಅವಳು ಮಧ್ಯಾಹ್ನದ ಮೇಲೆ ತನ್ನ ಬೀಡಿಯ ಮೊರವನ್ನು ನಮ್ಮ ಜಗಲಿಗೇ ತಂದು ಕೂತುಕೊಂಡಳು. ಇಬ್ಬರಿಗೂ ಜೊತೆಯಾಯಿತು. ಸಭೆಯ ಹಿರಿಯರೊಬ್ಬರು, ಕೆಲಸದಿಂದ ನಿವೃತ್ತರಾದ ಶಾಲಾಮಾಸ್ತರರು, ಮಂಗಳವಾರವೂ ಶುಕ್ರವಾರವೂ ಬಂದು ಗುಳಿಗೆಗಳನ್ನು ಎಣಿಸಿ ಡಬ್ಬಿಯಲ್ಲಿ ತುಂಬಿಸಿ, ಒಂದು ಅಧ್ಯಾಯ ಓದಿ ಹೋಗುತ್ತಿದ್ದರು. ಅವರಿಗೂ 70 ದಾಟಿತ್ತು. ಆಶಾ ಕಾರ್ಯಕರ್ತೆಯು ತಿಂಗಳಿಗೊಮ್ಮೆ ಬಂದು ವಿಚಾರಿಸುವಳು. ನಾನು ಎರಡು ವಾರಕ್ಕೊಮ್ಮೆ ಶನಿವಾರ ಹೋಗುವೆನು.

ಎಲ್ಲವೂ ಸುಲಭವಾಗಿ ನಡೆಯಿತೆಂದು ತಿಳಿಯಬೇಡಿರಿ. ಒಂದು ರಾತ್ರಿ ತಾಯಿಯು ಮಂಚದ ಬಳಿ ಬಿದ್ದು ಬೆಳಗಿನವರೆಗೆ ನೆಲದ ಮೇಲೆಯೇ ಮಲಗಿದ್ದಳು. ಆ ಮೇಲೆ ನೆರೆಮನೆಯ ಮಗಳು ರಾತ್ರಿ ಬಂದು ಮಲಗುವ ಏರ್ಪಾಡಾಯಿತು. ಸಂಜೆಗೆ ಜಗಲಿಯ ದೀಪ ಹೊತ್ತದಿದ್ದರೆ ಯಾರಾದರೂ ಬಂದು ನೋಡಬೇಕೆಂದು ಮಾತಾಯಿತು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೀವು ಬಲ್ಲಿರಿ. ಅದು ದೋಣಿಯವರಿಗೆ ದಡವನ್ನು ತೋರಿಸುತ್ತದೆ. ನಮ್ಮ ಜಗಲಿಯ ದೀಪವೋ, ಒಳಗೆ ಒಂದು ಜೀವ ಕ್ಷೇಮವಾಗಿದೆಯೆಂದು ದಡದವರಿಗೆ ತೋರಿಸಿತು. ಹೀಗೆ ಆಕೆ ಎರಡು ವರುಷ ಬಾಳಿದಳು. ಮಾತು ಹಿಂದಿರುಗಿತು, ನೆನಪು ಸ್ವಲ್ಪ ಮಟ್ಟಿಗೆ ಹಿಂದಿರುಗಿತು. ಸ್ವಂತ ಕೋಣೆಯಲ್ಲಿ ತೀರಿಕೊಂಡಳು, ತಂದೆಯವರ ಪಕ್ಕದಲ್ಲಿ ಮಣ್ಣಾದಳು. ಆದರೆ ಆ ಎಂಟು ತಿಂಗಳನ್ನು ನಾನು ಆಕೆಗೆ ಹಿಂದಕ್ಕೆ ಕೊಡಲಾರೆನು. ಅದಕ್ಕಾಗಿಯೇ ಈ ಮಾತುಗಳನ್ನು ನಿಮಗೆ ಬರೆಯುತ್ತೇನೆ.

ಒಬ್ಬ ತಾಯಿಗೆ ಹೀಗೆ ಒದಗಿ ಬಂದದ್ದು ಎಲ್ಲರಿಗೂ ಒದಗುವದು ಹೇಗೆ? ಇದಕ್ಕೆ ಎರಡನೆಯ ವಾಕ್ಯಭಾಗವು ದಾರಿ ತೋರಿಸುತ್ತದೆ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಉಪಚಾರದಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಅಲಕ್ಷ್ಯ ಮಾಡುತ್ತಾರೆಂಬ ಗುಣುಗುಟ್ಟುವಿಕೆ ಹುಟ್ಟಿತು. ಅಪೊಸ್ತಲರು ಗುಣುಗುಟ್ಟಿದವರನ್ನು ಗದರಿಸಲಿಲ್ಲ. ಎಲ್ಲರೂ ಇನ್ನು ಮೇಲೆ ಹೆಚ್ಚು ಪ್ರೀತಿಯಿಂದಿರಿ ಎಂದು ಹೇಳಿ ಸುಮ್ಮನಾಗಲೂ ಇಲ್ಲ. ಏಳು ಮಂದಿಯನ್ನು ಸಭೆಯವರಿಂದಲೇ ಹೆಸರು ಹಿಡಿದು ಆರಿಸಿಸಿ, ಆ ಕೆಲಸಕ್ಕೆ ನೇಮಿಸಿ, ಪ್ರಾರ್ಥಿಸಿ ಕೈಗಳನ್ನಿಟ್ಟರು. ಎಲ್ಲರ ಕೆಲಸವು ಯಾರ ಕೆಲಸವೂ ಆಗದೆ ಹೋಗುವದೆಂಬದನ್ನು ಅವರು ಅರಿತಿದ್ದರು. ಇನ್ನೊಂದು ಸಂಗತಿ: ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಅಲಕ್ಷ್ಯಕ್ಕೆ ಒಳಗಾದವರ ಮಾತನ್ನು ಬಲ್ಲವರೇ ನೇಮಕವಾದರೆಂದು ಇದರಿಂದ ತೋರುತ್ತದೆ. ನಮ್ಮ ಅಜ್ಜಿಯರಲ್ಲಿ ಅನೇಕರ ಮನೆಮಾತು ತುಳು. ಅಚ್ಚಗನ್ನಡದಲ್ಲಿ ಐದು ನಿಮಿಷ ಪ್ರಾರ್ಥಿಸಿ ಏಳುವವನಿಗಿಂತ ತುಳುವಿನಲ್ಲಿ ಅರ್ಧ ತಾಸು ಸುಖದುಃಖ ಕೇಳುವವನು ಅವರಿಗೆ ಹೆಚ್ಚು ಬೇಕಾದವನು.

ಇದು ಆಗದ ಕೆಲಸವೆನ್ನಬೇಡಿರಿ. ಬಾಗಿಲಿಗೆ ಹೋಗುವ ವಾಡಿಕೆಯು ನಮ್ಮ ಸೀಮೆಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಬಾಗಿಲಿಗೆ ದಿನಾಲೂ ಮನುಷ್ಯನನ್ನು ಕಳುಹಿಸಿ ಎರಡೆರಡು ಆಣೆಗಳನ್ನು ಕೂಡಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೂ ಸಣ್ಣದನ್ನು ನಿತ್ಯವೂ ತಪ್ಪದೆ ಮಾಡಿದರೆ ದೊಡ್ಡದಾಗುವದೆಂಬ ಅದರ ಪಾಠವು ನಿಂತಿದೆ. 2023ರ ವಿಧಾನಸಭೆಯ ಚುನಾವಣೆಯಲ್ಲಿ 80 ದಾಟಿದವರ ಮನೆಗೆ, 2024ರ ಲೋಕಸಭೆಯ ಚುನಾವಣೆಯಲ್ಲಿ 85 ದಾಟಿದವರ ಮನೆಗೆ, ಕೇಳಿಕೊಂಡಲ್ಲಿ ಅಧಿಕಾರಿಗಳೇ ಬಂದು ಓಟು ತೆಗೆದುಕೊಂಡು ಹೋದರು. ಒಂದು ಓಟಿಗೋಸ್ಕರ ಸರಕಾರವು ಮುದುಕರ ಹೊಸ್ತಿಲಿಗೆ ಬರುವದಾದರೆ ಸಭೆಯು ಬರಲಾರದೇ?

ನಮಗೆ ತೆಂಕಣ ಸೀಮೆಯನ್ನೂ ನೋಡಿರಿ. ಕಲ್ಲಿಕೋಟೆಯಲ್ಲಿ 1993ರಲ್ಲಿ ವೈದ್ಯರಾದ ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ನೋವಿನಿಂದ ನರಳುವವರಿಗೋಸ್ಕರ ಒಂದು ಚಿಕಿತ್ಸಾಲಯವನ್ನು ತೆರೆದರು. ಆಸ್ಪತ್ರೆಗೆ ಬರಲಾರದವರೇ ಹೆಚ್ಚೆಂದು ಕಂಡು, ಮುಂದಿನ ವರುಷಗಳಲ್ಲಿ ನೆರೆಹೊರೆಯವರಿಗೇ ತರಬೇತು ಕೊಟ್ಟು ಮನೆಮನೆಗೆ ಕಳುಹಿಸುವ ಏರ್ಪಾಡು ಬೆಳೆಯಿತು. ಅಂಗಡಿಯವರು, ಮಾಸ್ತರರು, ವಿದ್ಯಾರ್ಥಿಗಳು ವಾರಕ್ಕೆ ಕೆಲವು ತಾಸುಗಳನ್ನು ಕೊಟ್ಟರು. 2008ರಲ್ಲಿ ಕೇರಳ ಸರಕಾರವು ಇದನ್ನು ತನ್ನ ಧೋರಣೆಯಾಗಿ ಒಪ್ಪಿಕೊಂಡಿತು. ವೈದ್ಯರ ಕೊರತೆ ನಮಗಿಲ್ಲ. ಉಡುಪಿಯಲ್ಲಿ ಸ್ವಿಸ್ ದೇಶದ ವೈದ್ಯೆ ಇವಾ ಲೊಂಬಾರ್ಡರು 1923ರಲ್ಲಿ ಸ್ಥಾಪಿಸಿದ ಆಸ್ಪತ್ರೆಯಿದೆ. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿ ದೂರ ದೂರದ ರೋಗಿಗಳು ಅಲ್ಲಿಗೆ ಬರುತ್ತಾರೆ. ಆದರೆ ಆಸ್ಪತ್ರೆಯು ವಾಸಿಮಾಡಿ ಕಳುಹಿಸಿದ ಮುದುಕನು ಮನೆಯಲ್ಲಿ ಗುಳಿಗೆ ನುಂಗಿದನೋ ಇಲ್ಲವೋ ಎಂದು ನೋಡುವವನು ನೆರೆಯವನೇ ಆಗಬೇಕಷ್ಟೆ.

ಆದದರಿಂದ ಪ್ರತಿ ಸಭೆಯೂ ಮಾಡಬಹುದಾದ ಕೆಲವು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು: ಸಭೆಯ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ಮುದುಕರ ಪಟ್ಟಿಯನ್ನು ಬರೆಯಿರಿ. ನಮ್ಮವರು ಮಾತ್ರ ಸಾಲದು, ನೆರೆಯವರನ್ನೂ ಸೇರಿಸಿರಿ. ನನ್ನ ತಾಯಿಯನ್ನು ನೋಡಿಕೊಂಡವಳು ನಮ್ಮ ಮತವನ್ನು ಕೇಳಲಿಲ್ಲ.

ಎರಡು: ಒಬ್ಬೊಬ್ಬರಿಗೆ ಇಬ್ಬಿಬ್ಬರನ್ನು ಹೆಸರು ಹಿಡಿದು ನೇಮಿಸಿರಿ. ವಾರಕ್ಕೆ ಎರಡು ಸಾರಿ, ಗೊತ್ತಾದ ದಿನದಲ್ಲಿ ಹೋಗಲಿ. ಬರುತ್ತೇನೆಂದು ಹೇಳಿ ಬಾರದೆ ಹೋಗುವದಕ್ಕಿಂತ ಹೇಳದೆ ಇರುವದು ಮೇಲು. ಯಾಕಂದರೆ ಮುದುಕರು ಬೆಳಗಿನಿಂದಲೇ ದಾರಿ ನೋಡುತ್ತಾರೆ.

ಮೂರು: ಮಳೆಗಾಲಕ್ಕೆ ಮುಂಚೆ ಯೌವನಸ್ಥರ ಸಂಘವು ಅವರ ಮನೆಗಳನ್ನು ಸುತ್ತಿ ಬರಲಿ. ಅಂಗಳದ ಪಾಚಿ, ಒಡೆದ ಹಂಚು, ಕತ್ತಲೆಯ ಬಚ್ಚಲು, ಎತ್ತರದ ಹೊಸ್ತಿಲು, ಇವುಗಳೇ ಮುಪ್ಪಿನ ಶತ್ರುಗಳು. ತೊಡೆಯ ಎಲುಬು ಮುರಿದ ಮೇಲೆ ಸಾವಿರಾರು ರೂಪಾಯಿ ಕೂಡಿಸುವದಕ್ಕಿಂತ ಮುಂಚೆ ಒಂದು ಸರಳನ್ನು ಕೂರಿಸುವದು ಜಾಣತನವು.

ನಾಲ್ಕು: ಸರಕಾರದ ಸಹಾಯವನ್ನು ಪಡೆದುಕೊಳ್ಳಲು ನೆರವಾಗಿರಿ. 65 ದಾಟಿದ ಬಡವರಿಗೋಸ್ಕರ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ವೇತನವುಂಟು. ಅರ್ಜಿ ಬರೆಯಲಾರದೆ, ಬೆರಳಚ್ಚು ಬೀಳದೆ, ಕಚೇರಿಯ ಮೆಟ್ಟಲು ಹತ್ತಲಾರದೆ ಎಷ್ಟೋ ಮಂದಿ ಅದನ್ನು ಬಿಟ್ಟುಬಿಡುತ್ತಾರೆ. ಅಕ್ಷರ ಬಲ್ಲವನು ಅವರ ಸಂಗಡ ಒಂದು ದಿನ ಹೋಗಿಬರಲಿ. 14567 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಿರಿಯರ ಕಷ್ಟಗಳಿಗೆ ಸಲಹೆ ದೊರೆಯುತ್ತದೆ. ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅವರ ಗೋಡೆಗೆ ಅಂಟಿಸಿರಿ.

ಐದು: ನೋಡಿಕೊಳ್ಳುವವರನ್ನು ನೋಡಿಕೊಳ್ಳಿರಿ. ಹಾಸಿಗೆ ಹಿಡಿದ ಅತ್ತೆಯನ್ನು ವರುಷಗಟ್ಟಲೆ ಎತ್ತಿ ಇಳಿಸಿ ಬೆನ್ನು ಮುರಿದುಕೊಂಡ ಸೊಸೆಯರು ನಮ್ಮ ಸಭೆಗಳಲ್ಲಿದ್ದಾರೆ. ಅವರಿಗೆ ಪುಣ್ಯವತಿಯೆಂಬ ಹೊಗಳಿಕೆ ಸಿಕ್ಕುತ್ತದೆ, ಒಂದು ಆದಿತ್ಯವಾರದ ಬಿಡುವು ಸಿಕ್ಕುವದಿಲ್ಲ. ಸ್ತ್ರೀಯರ ಕೂಟದವರು ಸರದಿಯಾಗಿ ಅರ್ಧ ದಿನ ಆ ಹಾಸಿಗೆಯ ಬಳಿ ಕೂತುಕೊಂಡರೆ ಅದು ಕೂಟದಲ್ಲಿ ಮಾಡುವ ಪ್ರಾರ್ಥನೆಗಿಂತ ಕಡಿಮೆಯಾದದ್ದಲ್ಲ. ಗಂಡಸರೂ ಕೂತುಕೊಳ್ಳಲಿ. ತಂದೆಯ ಗಂಜಿಯ ಬಟ್ಟಲನ್ನು ಹಿಡಿಯಲು ಗಂಡುಕೈಗೆ ನಾಚಿಕೆ ಯಾಕೆ?

ಇಲ್ಲಿ ಕೆಲವರು ಕೇಳುವರು: ಹಾಗಾದರೆ ಮಕ್ಕಳಿಗೆ ಭಾರವಿಲ್ಲವೇ, ಎಲ್ಲಾ ಸಭೆಯ ಮೇಲೆ ಬಿಟ್ಟುಬಿಡಬಹುದೇ? ಹಾಗಲ್ಲ. ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯವನ್ನು ಓದಿರಿ. ಮೊದಲು ಮನೆಯವರು ಮಾಡಬೇಕು, ಯಾರೂ ಇಲ್ಲದವರಿಗೆ ಸಭೆಯು ಆಧಾರವಾಗಬೇಕೆಂಬ ಕ್ರಮವು ಅಲ್ಲಿದೆ. ದೂರದಲ್ಲಿರುವ ಮಗನು ಹಣ ಕಳುಹಿಸಿದರೆ ಸಾಲದು, ನಿತ್ಯ ಒಂದು ಹೊತ್ತು ಮಾತಾಡಲಿ. ನೋಡಿಕೊಳ್ಳುವ ನೆರೆಯವರಿಗೆ ಕೃತಜ್ಞನಾಗಿರಲಿ, ಅವರು ಕೂಲಿ ಬಿಟ್ಟು ಬರುವದಾದರೆ ನ್ಯಾಯವಾದ ಕೂಲಿಯನ್ನು ಕೊಡಲಿ. ಕರ್ತವ್ಯವನ್ನು ಮರೆತ ಮಕ್ಕಳಿಗೋಸ್ಕರ 2007ರಲ್ಲಿ ದೇಶದ ಕಾಯಿದೆಯೇ ಹುಟ್ಟಬೇಕಾಯಿತೆಂಬದು ನಮಗೆಲ್ಲರಿಗೂ ನಾಚಿಕೆಯ ಸಂಗತಿ. ಆ ಕಾಯಿದೆಯ ಪ್ರಕಾರ ಮುದುಕರು ಉಪವಿಭಾಗದ ಅಧಿಕಾರಿಯ ಮುಂದೆ ಜೀವನಾಂಶವನ್ನು ಕೇಳಬಹುದು. ಹಿರಿಯರೇ, ಒಂದು ಎಚ್ಚರಿಕೆ: ಮನೆಯನ್ನೂ ಹಿತ್ತಲನ್ನೂ ಮಕ್ಕಳಿಗೆ ಬರೆದುಕೊಡುವದಾದರೆ, ಕಡೆಯ ತನಕ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿರಿ. ಆ ಮಾತು ತಪ್ಪಿದರೆ ಪತ್ರವನ್ನು ರದ್ದು ಮಾಡಿಸಲು ಆಗ ದಾರಿಯಿರುತ್ತದೆ.

ಮತ್ತೊಬ್ಬರು ಕೇಳುವರು: ಎಲ್ಲಾ ಮುದುಕರನ್ನೂ ಅವರವರ ಮನೆಯಲ್ಲಿಯೇ ಇರಿಸಬೇಕೋ? ಇಲ್ಲ. ನೆನಪು ಪೂರಾ ಕೆಟ್ಟು ಬೆಂಕಿಗೂ ಬಾವಿಗೂ ಹೆದರದವರನ್ನು ಒಂಟಿಯಾಗಿ ಬಿಡುವದು ಪ್ರೀತಿಯಲ್ಲ. ಮನೆಯೇ ಹಿಂಸೆಯ ಸ್ಥಳವಾಗಿರುವವರೂ ಉಂಟು. ಅಂಥವರಿಗೆ ಒಳ್ಳೆಯ ವೃದ್ಧಾಶ್ರಮವು ದೇವರ ದಯೆಯೇ ಸರಿ, ಅಲ್ಲಿ ತಾಯಿಯನ್ನು ಇರಿಸಿದ ಮಗಳನ್ನು ನಾವು ನಿಂದಿಸಬಾರದು. ನೊವೊಮಿಯು ರೂತಳ ಸಂಗಡ ಬೇತ್ಲೆಹೇಮಿಗೆ ಹಿಂದಿರುಗಿದಳು, ಯೇಸುವಿನ ತಾಯಿಯು ಶಿಷ್ಯನ ಮನೆಗೆ ಸೇರಿದಳು. ದಾರಿಗಳು ಬೇರೆ ಬೇರೆ. ಆದರೆ ಯಾವ ದಾರಿಯಾದರೂ ಮುದುಕರನ್ನು ಕೇಳಿ ಹಿಡಿಯತಕ್ಕದ್ದು.

ಕಡೆಗೆ ಹಿರಿಯರಾದ ನಿಮಗೆ ಒಂದು ಮಾತು. ಸಹಾಯವನ್ನು ತೆಗೆದುಕೊಳ್ಳುವದಕ್ಕೆ ಸಂಕೋಚಪಡಬೇಡಿರಿ. ಬಿದ್ದದ್ದನ್ನು ಮುಚ್ಚಿಡಬೇಡಿರಿ. ಕೋಲು ಹಿಡಿಯುವದು ಅವಮಾನವಲ್ಲ. ನೀವು ಇನ್ನೂ ಕೊಡಬಲ್ಲಿರಿ ಎಂಬದನ್ನು ಮರೆಯಬೇಡಿರಿ. ಬರ್ಜಿಲ್ಲೈ 80ನೆಯ ವಯಸ್ಸಿನಲ್ಲಿ ಅರಸನಿಗೆ ಅನ್ನ ಕೊಟ್ಟನು. ನನ್ನ ತಾಯಿಯು ಕಡೆಯ ವರುಷದಲ್ಲಿ ಜಗಲಿಯ ಮೇಲೆ ಕೂತು ನೆರೆಮನೆಯ ಮಗುವಿಗೆ ಅಕ್ಷರ ಕಲಿಸಿದಳು.

ಪ್ರಿಯರೇ, ಇಂದು ಸಂಜೆ ನಿಮ್ಮ ಮನೆಯ ಅಂಗಳದಲ್ಲಿ ನಿಂತು ಸುತ್ತಲೂ ನೋಡಿರಿ. ಯಾವ ಜಗಲಿಯ ದೀಪವು ಇನ್ನೂ ಹೊತ್ತಿಲ್ಲ? ಅಲ್ಲಿಗೆ ಹೋಗಿ ಬಾಗಿಲು ತಟ್ಟಿರಿ. ನಿಮಗೆ ಏನು ಬೇಕಮ್ಮಾ, ಏನು ಬೇಕಪ್ಪಾ ಎಂದು ಮೊದಲು ಕೇಳಿರಿ, ಉತ್ತರ ಬರುವ ತನಕ ಕಾದುಕೊಂಡಿರಿ. ಮುಪ್ಪಿನ ತನಕವೂ ತನ್ನ ಜನರನ್ನು ಹೊತ್ತುಕೊಳ್ಳುವ ದೇವರು ನಮ್ಮ ಕೈಗಳನ್ನೂ ಆ ಕೆಲಸಕ್ಕೆ ಬಲಪಡಿಸಲಿ. ಆಮೆನ್.